ಗೋಡೆಯಿಲ್ಲದ ಕಾರ್ಖಾನೆ: ಶಿರಸಿ ಸೀಮೆಯ ಆಲೆಮನೆ

ಅಡಿಕೆ ಕೊಯ್ಲಿನ ಗಡಿಬಿಡಿ ಮುಗಿಯುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಕಬ್ಬಿನ ಗದ್ದೆಗಳ ಮಗ್ಗುಲಲ್ಲಿ ಪ್ರತಿವರ್ಷ ಒಂದು ಕಾರ್ಖಾನೆ ಎದ್ದು ನಿಲ್ಲುತ್ತಿತ್ತು. ಕಂಬಗಳ ಮೇಲೊಂದು ಚಪ್ಪರ, ಒಂದು ಗಾಣ, ನೆಲದಲ್ಲಿ ತೋಡಿದ ಒಲೆ, ಅದರ ಮೇಲೆ ಅಗಲ ಬಾಯಿಯ ಕೊಪ್ಪರಿಗೆ. ಕಬ್ಬು ಮುಗಿದರೆ ಗಾಣ ಮುಂದಿನ ಊರಿಗೆ ಹೋಗುತ್ತಿತ್ತು. ನಾಲ್ಕು ಮಳೆ ಬಿದ್ದರೆ ಒಲೆಯ ಗುರುತೂ ಉಳಿಯುತ್ತಿರಲಿಲ್ಲ. ಉದ್ಯಮದ ಪರಂಪರೆಯೆಂದರೆ ಹಳೆಯ ಗಿರಣಿ, ಎತ್ತರದ ಹೊಗೆಗೊಳವೆ, ಕಾರ್ಮಿಕರ ವಸತಿಸಾಲು ಎಂದು ನಂಬಿದವರ ಲೆಕ್ಕಕ್ಕೆ ಬೆಲ್ಲ ಮಾಡುವ ಇಂಥ ಆಲೆಮನೆ ಬರುವುದೇ ಇಲ್ಲ. ಆದರೆ ಈ ಮೂರು ತಾಲ್ಲೂಕುಗಳ ಉದ್ಯಮ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಇಲ್ಲೇ ಇದೆ. ಅದನ್ನು ಉಳಿಸುವ ದಾರಿಯೂ ಕಟ್ಟಡ ಉಳಿಸುವ ದಾರಿಗಿಂತ ಬೇರೆಯೇ ಆಗಬೇಕು.

ಕಟ್ಟಡಗಳ ದಾರಿಗೆ ಜಗತ್ತಿನಲ್ಲಿ ಒಳ್ಳೆಯ ಮಾದರಿಗಳಿವೆ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕಿನಲ್ಲಿ 1786ರಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಶುರುವಾಯಿತು, 1968ರಲ್ಲಿ ನಿಂತುಹೋಯಿತು, 2001ರಲ್ಲಿ ಇಡೀ ಗಿರಣಿ ಹಳ್ಳಿಯೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಮ್ಮಲ್ಲೇ ಘಟಪ್ರಭೆಯ ದಂಡೆಯ ಗೋಕಾಕ ಫಾಲ್ಸ್, 1885ರಲ್ಲಿ ಸ್ಥಾಪನೆಯಾದ ಕಂಪನಿಯ ಗಿರಣಿಯ ಸುತ್ತ ಬೆಳೆದ ಊರು. ಆದರೆ ನ್ಯೂ ಲ್ಯಾನಾರ್ಕನ್ನು ಜಗತ್ತು ನೆನೆಯುವುದು ಅದರ ಕಲ್ಲಿಗಾಗಿ ಮಾತ್ರವಲ್ಲ. ಅಲ್ಲಿ ರಾಬರ್ಟ್ ಓವೆನ್ ಕೆಲಸಗಾರರ ಮಕ್ಕಳಿಗೆ ಶಾಲೆ ತೆರೆದ, ದುಡಿಮೆಯ ರೀತಿಯನ್ನೇ ತಿದ್ದಲು ಹೊರಟ. ಕಲ್ಲು ಆ ವ್ಯವಸ್ಥೆಗೆ ಸಾಕ್ಷಿ ಅಷ್ಟೆ. ಹಾಗಿದ್ದಮೇಲೆ ಕಲ್ಲಿಲ್ಲದ ಕಡೆ ವ್ಯವಸ್ಥೆಯನ್ನೇ ನೇರವಾಗಿ ಗಮನಿಸಬೇಕು.

ಆಲೆಮನೆ ಕೃಷಿಯ ಭಾಗ, ಅದನ್ನು ಉದ್ಯಮ ಎನ್ನುವುದು ಉತ್ಪ್ರೇಕ್ಷೆ ಎಂಬ ಆಕ್ಷೇಪ ಬರಬಹುದು. ಅಲ್ಲಿ ನಡೆಯುವ ಕೆಲಸವನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಒಬ್ಬ ಗಾಣಕ್ಕೆ ಕಬ್ಬು ಕೊಡಬೇಕು, ಇನ್ನೊಬ್ಬ ಕೋಣಗಳನ್ನು ಹೊಡೆಯಬೇಕು, ಮತ್ತೊಬ್ಬ ಒಲೆಗೆ ಉರಿ ಹಾಕಬೇಕು. ಕಣೆಗಳ ನಡುವೆ ಹಿಂಡಿ ಬಂದ ಕಬ್ಬಿನ ಹಾಲನ್ನು ಸೋಸಿ, ಕಾಯಿಸಿ, ಸುಣ್ಣ ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದು, ಪಾಕದ ಹದ ನೋಡಿ ಇಳಿಸುವುದು ಎಲ್ಲಕ್ಕಿಂತ ನುರಿತವನ ಪಾಲು. ದ್ರವರೂಪದ ಜೋನಿ ಬೆಲ್ಲವನ್ನು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿಸಬೇಕು. ಗಟ್ಟಿ ಬೆಲ್ಲಕ್ಕೆ 118ರ ಆಸುಪಾಸಿನವರೆಗೆ ಕಾಯಬೇಕು. ಉಷ್ಣಮಾಪಕವಿಲ್ಲದೆ, ನೊರೆ ಏಳುವ ರೀತಿಯಿಂದ, ನೀರಿಗೆ ಬಿಟ್ಟ ಪಾಕದ ತೊಟ್ಟಿನಿಂದ ಈ ವ್ಯತ್ಯಾಸವನ್ನು ಹಿಡಿಯುತ್ತಿದ್ದರು. ಕಚ್ಚಾ ಮಾಲು, ಯಂತ್ರ, ಇಂಧನ, ಶ್ರಮ ವಿಭಜನೆ, ಗುಣಮಟ್ಟದ ಪರೀಕ್ಷೆ, ಮಾರುಕಟ್ಟೆಗೆ ಹೋಗುವ ಸರಕು ಎಲ್ಲವೂ ಇರುವಲ್ಲಿ ಉದ್ಯಮವಲ್ಲ ಎನ್ನಲು ಉಳಿಯುವ ಕಾರಣ ಗೋಡೆ ಇಲ್ಲ ಎಂಬುದೊಂದೇ.

ಗೋಡೆ ಇಲ್ಲದ್ದಕ್ಕೂ ಕಾರಣವಿದೆ. ಕಡಿದ ಕಬ್ಬು ದಿನ ಕಳೆದಂತೆ ಸಕ್ಕರೆಯ ಅಂಶ ಕಳೆದುಕೊಳ್ಳುತ್ತದೆ, ಹಿಂಡಿದ ಹಾಲು ತಾಸುಗಳಲ್ಲೇ ಹುಳಿಯುತ್ತದೆ. ಗುಡ್ಡ ಕಣಿವೆಗಳ ನಡುವೆ ಚದುರಿದ ಸಣ್ಣ ಗದ್ದೆಗಳಿಂದ ಭಾರದ ಕಬ್ಬನ್ನು ಒಂದೆಡೆ ಹೊರುವುದಕ್ಕಿಂತ ಗಾಣವನ್ನೇ ಗದ್ದೆಗೆ ತರುವುದು ಬುದ್ಧಿವಂತಿಕೆ. ಒಣಗಿದ ಸಿಪ್ಪೆ ಅಲ್ಲೇ ಒಲೆಗೆ ಉರುವಲಾಗುತ್ತಿತ್ತು. ಮಲೆನಾಡಿನ ದೀರ್ಘ ಮಳೆಗಾಲದಲ್ಲಿ ಗಟ್ಟಿ ಬೆಲ್ಲ ತೇವ ಹೀರಿ ಕರಗುತ್ತದೆ. ಡಬ್ಬಿಯಲ್ಲಿ ತುಂಬಿಡುವ ಜೋನಿ ಬೆಲ್ಲಕ್ಕೆ ಆ ತೊಂದರೆ ಕಡಿಮೆ. ದುಡಿಮೆಯ ಏರ್ಪಾಡೂ ಈ ನೆಲಕ್ಕೆ ಹೊಂದಿಕೊಂಡಿತ್ತು: ಹಗಲು ರಾತ್ರಿ ನಡೆಯುವ ಕೆಲಸಕ್ಕೆ ಒಂದು ಮನೆಯ ಜನ ಸಾಲದು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಬರುವ ಮುಯ್ಯಾಳಿನ ನೆರವು ಬೇಕು. ಬಂದವರಿಗೆ ಹಾಲು ಕೊಡದೆ ಕಳಿಸಬಾರದೆಂಬ ಕಟ್ಟಳೆ, ಅದೇ ಹಾಲಿನಲ್ಲಿ ಅಕ್ಕಿ ಹಿಟ್ಟು ಕಲಸಿ ಬೋರಲು ಮಡಕೆಯ ಮೇಲೆ ಮಾಡುವ ತೊಡದೇವು, ಇವೆಲ್ಲ ಆ ನೆರವಿನ ಸಂಬಂಧದಿಂದ ಬೇರೆಯಲ್ಲ.

ಕೋಣದ ಗಾಣ ನಿಧಾನ, ಪ್ರಾಣಿಗೆ ಹಿಂಸೆ, ಯಂತ್ರ ಹೆಚ್ಚು ಹಾಲು ತೆಗೆಯುತ್ತದೆ, ಹಿಂದಿನದನ್ನೇ ಹಿಡಿದು ಕೂರುವುದೇಕೆ ಎನ್ನುವವರ ಮಾತಿನಲ್ಲಿ ನಿಜವಿದೆ, ಅದನ್ನು ಒಪ್ಪಬೇಕು. ಗಾಣ ಎಂದೂ ಒಂದೇ ಥರ ಇರಲೂ ಇಲ್ಲ. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬವರು ಎತ್ತು ತಿರುಗಿಸುವ ಕಬ್ಬಿಣದ ಗಾಣ ತಯಾರಿಸಿದ ಮೇಲೆ ದೇಶದ ಹಲವೆಡೆ ಮರದ, ಕಲ್ಲಿನ ಗಾಣಗಳು ಹಿಂದೆ ಸರಿದವು. ಮಲೆನಾಡಿನಲ್ಲೂ ಮರದ ಗಾಣ ಹೋಗಿ ಕಬ್ಬಿಣದ್ದು ಬಂತು, ಕೋಣ ಹೋಗಿ ಎಂಜಿನ್ ಬಂತು. ಇಷ್ಟಾದರೂ ಒಲೆ, ಕೊಪ್ಪರಿಗೆ, ಹದ ಬದಲಾಗಲಿಲ್ಲ. ಆದ್ದರಿಂದ ಉಳಿಸಬೇಕಾದದ್ದು ಕೋಣದ ಸುತ್ತನ್ನಲ್ಲ, ಹದದ ತಿಳಿವನ್ನು.

ಆಲೆಮನೆ ಹಬ್ಬಗಳು ಆ ಕೆಲಸ ಮಾಡುತ್ತಿಲ್ಲವೇ ಎಂದು ಕೇಳಬಹುದು. ಹಾಲು ಕುಡಿದು, ಮಂಡಕ್ಕಿ ಮಿರ್ಚಿ ತಿಂದು ಜನ ಸೇರುವುದು ಒಳ್ಳೆಯದೇ. ಪಟ್ಟಣದ ಮಕ್ಕಳಿಗೆ ಗಾಣದ ಪರಿಚಯವಾಗುವುದೂ ಅಲ್ಲೇ. ಆದರೆ ಒಂದೆರಡು ಸಂಜೆಯ ಹಬ್ಬಕ್ಕೆ ಹಾಲು ಸಾಕು, ಬೆಲ್ಲ ಬೇಕಿಲ್ಲ. ಹದ ಕಲಿಯಲು ಕೊಪ್ಪರಿಗೆಯ ಮೇಲೆ ಕೊಪ್ಪರಿಗೆ ಇಳಿಸಬೇಕು. ಅದಕ್ಕೆ ಗದ್ದೆಯಲ್ಲಿ ಕಬ್ಬಿರಬೇಕು. ಗದ್ದೆಗಳು ಅಡಿಕೆ ತೋಟವಾಗುತ್ತಿರುವುದು, ಆಳು ಸಿಗದಿರುವುದು, ಹಂದಿ ಮಂಗಗಳ ಕಾಟ, ಇವೇ ಆಲೆಮನೆಯನ್ನು ಕುಗ್ಗಿಸಿದ ಕಾರಣಗಳು. ಹಬ್ಬ ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ.

ಮುಟ್ಟಬಲ್ಲದ್ದು ಸಂಘಟಿತ ಮಾರುಕಟ್ಟೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡ ಬೆಳೆಗಾರರು ಅಡಿಕೆಯನ್ನು ಒಗ್ಗಟ್ಟಿನಿಂದ ಮಾರಲು ಕಲಿತರು. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂತು. ಇದೇ ಸಹಕಾರದ ಬಲ ಜೋನಿ ಬೆಲ್ಲದ ಹಿಂದೆಯೂ ನಿಲ್ಲಬೇಕು: ಗುಣಕ್ಕೆ ತಕ್ಕ ಬೆಲೆ, ಹಲವು ಊರುಗಳಿಗೆ ಸೇರಿ ಒಂದು ಗಾಣ, ಹದ ಬಲ್ಲ ಹಿರಿಯರ ಕೈಕೆಳಗೆ ಕಲಿಯುವ ಹುಡುಗರಿಗೆ ಕೂಲಿ. ಇದರ ಖರ್ಚು ಒಂದು ಹಳೆಯ ಗಿರಣಿ ಕಟ್ಟಡದ ದುರಸ್ತಿಗಿಂತ ಬಹಳ ಕಡಿಮೆ. ಬಿದ್ದ ಕಟ್ಟಡವನ್ನು ಅವಶೇಷಗಳಿಂದ ಮತ್ತೆ ಎತ್ತಿ ನಿಲ್ಲಿಸಬಹುದು. ಕಲಿಸುವವರು ಹೋದಮೇಲೆ ಹದವನ್ನು ಹಾಗೆ ಎತ್ತಿ ನಿಲ್ಲಿಸಲಾಗದು. ಅವರು ಇರುವಾಗಲೇ ಈ ಕೆಲಸ ಆಗಬೇಕು.