ಡಿಕೆಎಂಎಸ್

ಲಿನಕ್ಸ್ ಕರ್ನಲ್ ಬದಲಾದಾಗಲೆಲ್ಲ, ಅದರ ಜೊತೆಗೆ ಬಾರದ ಹೊರಗಿನ ಮಾಡ್ಯೂಲ್‌ಗಳನ್ನು ತಾನಾಗಿ ಮರುಕಂಪೈಲ್ ಮಾಡಿ ಕೂರಿಸುವ ವ್ಯವಸ್ಥೆ. 2003ರಲ್ಲಿ ಡೆಲ್ ಕಂಪನಿಯ ಎಂಜಿನಿಯರುಗಳು ರೂಪಿಸಿದ್ದು. ಡೆಬಿಯನ್, ಉಬುಂಟುಗಳಲ್ಲಿ ಎನ್ವಿಡಿಯಾ ಡ್ರೈವರ್, ವರ್ಚುವಲ್‌ಬಾಕ್ಸ್ ಮೊದಲಾದವು ಇದನ್ನು ನೆಚ್ಚಿಕೊಂಡಿವೆ.

ಕರ್ನಲ್‌ನ ಒಳಗಿನ ಫಂಕ್ಷನ್‌ಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ನಿನ್ನೆ ಕಂಪೈಲ್ ಆದ ಮಾಡ್ಯೂಲ್ ಇಂದು ಆಗದಿರಬಹುದು. ಆಗ ಅಪ್‌ಗ್ರೇಡ್ ನಡುವೆಯೇ ನಿಂತು, ಪ್ಯಾಕೇಜುಗಳು ಅರೆಬರೆ ಸ್ಥಿತಿಯಲ್ಲಿ ಉಳಿಯುತ್ತವೆ. ಪರದೆಯ ಮೇಲಿನ ದೋಷಸಂಖ್ಯೆ 10 ಹೇಳುವುದು ಬಿಲ್ಡ್ ಸೋತಿತೆಂದಷ್ಟೇ. ಕಾರಣ ಇರುವುದು ಮೇಕ್ ಲಾಗ್ ಕಡತದಲ್ಲಿ. ಅದನ್ನು ಮೇಲಿನಿಂದ ಓದಬೇಕು: ಮೊದಲ ದೋಷದ ಸಾಲೇ ಮುಖ್ಯ, ಕೆಳಗಿನವು ಬಹುಪಾಲು ಅದರ ಬಾಲಗಳು. ಅನೇಕ ಸಲ ಆ ಕರ್ನಲ್‌ನ ಹೆಡರ್ ಪ್ಯಾಕೇಜೇ ಇರುವುದಿಲ್ಲ. ಅದನ್ನು ಹಾಕಿ, ಅರ್ಧಕ್ಕೆ ನಿಂತ ಕಾನ್ಫಿಗರೇಷನ್ ಮುಂದುವರಿಸಿದರೆ ಕೆಲಸ ಮುಗಿಯಿತು. ಹೆಡರ್ ಇದ್ದೂ ಸೋತರೆ ಮಾಡ್ಯೂಲ್ ಹಳೆಯದಾಗಿರಬಹುದು. ಹೊಸ ಆವೃತ್ತಿ ಹಾಕಬೇಕು, ಬೇಡವಾದರೆ ತೆಗೆದುಹಾಕಬೇಕು. ಬೂಟ್ ವಿಭಾಗ ತುಂಬಿದ್ದರೂ ಅಪ್‌ಗ್ರೇಡ್ ಕೆಡುತ್ತದೆ.

ಬಿಲ್ಡ್ ಗೆದ್ದೂ ಮಾಡ್ಯೂಲ್ ಲೋಡ್ ಆಗದಿದ್ದರೆ, ಯಂತ್ರ ನಂಬದ ಸಹಿಯ ಮಾಡ್ಯೂಲನ್ನು ತಡೆಯುವ ಸೆಕ್ಯೂರ್ ಬೂಟ್ ಮೇಲೆ ಅನುಮಾನ ಪಡಬೇಕು. ಮಾಡ್ಯೂಲ್‌ಗೆ ಸಹಿ ಹಾಕಿದ ಕೀಲಿಯನ್ನು ಯಂತ್ರಕ್ಕೆ ಪರಿಚಯಿಸಲು, ರೀಬೂಟ್ ಆದಾಗ ಬರುವ ನೀಲಿ ಪರದೆಯಲ್ಲಿ ಗುಪ್ತಪದ ಕೊಡಬೇಕು. ಗಾಬರಿಯಿಂದ ಎಂಟರ್ ಒತ್ತಿ ಮುಂದೆ ಹೋಗಬಾರದು!

ಸರಿಹೋಗುವವರೆಗೆ, ಗ್ರಬ್ ಮೆನುವಿನ ಸುಧಾರಿತ ಆಯ್ಕೆಗಳಲ್ಲಿರುವ ಹಳೆಯ ಕರ್ನಲ್‌ನಿಂದ ಬೂಟ್ ಮಾಡಬಹುದು.