ಮಿಸ್ ಮನೆಯ ಪ್ಲೇಟುಗಳು

ನಾನು ಹೈಸ್ಕೂಲಿನಲ್ಲಿದ್ದಾಗ ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ಗಾಡಿ ಹತ್ತಿ ಉರಿಗಾಂನಲ್ಲಿ ಇಳಿಯುತ್ತಿದ್ದೆ. ಚಿನ್ನದ ಗಣಿಗೆಂದೇ 1894ರಲ್ಲಿ ಹಾಕಿದ ಹತ್ತು ಮೈಲಿಯ ಕವಲುದಾರಿ ಅದು. ಅಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರಿಂದ ಟಿಕೆಟ್ಟಿನ ಚಿಂತೆ ಇರಲಿಲ್ಲ. ನನ್ನ ಇಂಗ್ಲಿಷ್ ಮಾತ್ರ ಅಪ್ಪನಿಗೆ ಚಿಂತೆಯಾಗಿತ್ತು. ಗಣಿ ಊರಿನ ನಿವೃತ್ತ ಆಂಗ್ಲೋ-ಇಂಡಿಯನ್ ಟೀಚರೊಬ್ಬರು ಪಾಠ ಹೇಳಿಕೊಡುತ್ತಾರೆಂದು ಯಾರೋ ಹೇಳಿದ್ದರು. ಅವರನ್ನು ಎಲ್ಲರೂ ಕರೆಯುತ್ತಿದ್ದಂತೆ ನಾನೂ ಮಿಸ್ ಎಂದೇ ಕರೆದೆ.

ಮಿಸ್ ಮನೆಯ ಜಗಲಿಗೆ ಮರದ ಜಾಲರಿ, ಒಳಗೆ ಒಂದು ಹಳೆಯ ರೇಡಿಯೋಗ್ರಾಂ, ಅದರ ಪಕ್ಕದಲ್ಲಿ ಪುಸ್ತಕಗಳ ಹಾಗೆ ನಿಲ್ಲಿಸಿಟ್ಟ ಪ್ಲೇಟುಗಳು. ವ್ಯಾಕರಣ ಸರಿ ಬರೆದ ದಿನ ಒಂದು ಪ್ಲೇಟಿನ ಒಂದು ಮಗ್ಗುಲು ಕೇಳಿಸುತ್ತಿದ್ದರು. ತಪ್ಪು ಬರೆದರೆ ಅದಿಲ್ಲ. ನನ್ನ ಇಂಗ್ಲಿಷ್ ಸುಧಾರಿಸಿದ್ದರ ಗುಟ್ಟು ಇದೇ ಇರಬೇಕು.

ಮೊದಲ ದಿನ ಕೇಳಿದ್ದು ಎಲ್ಲಾ ಫಿಟ್ಜ್‌ಜೆರಾಲ್ಡ್ ಮತ್ತು ಲೂಯಿ ಆರ್ಮ್‌ಸ್ಟ್ರಾಂಗ್ ಸೇರಿ ಹಾಡಿದ ‘ಎಲ್ಲಾ ಅಂಡ್ ಲೂಯಿ’. ಆಕೆಯ ದನಿ ಆಗಷ್ಟೇ ಒಗೆದು ಒಣಗಿಸಿದ ಬಟ್ಟೆಯ ಹಾಗಿತ್ತು. ಆತನ ದನಿ ಕೇಳಿ ನಾನು, “ಮಿಸ್, ಪಾಪ ಇವರಿಗೆ ಶೀತ ಆಗಿತ್ತಾ?” ಎಂದೆ. ಮಿಸ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಸುಮ್ಮನಾಗಿ, “ಚೈಲ್ಡ್, ಈ ಮನುಷ್ಯನನ್ನು ಒಂದು ಕಾಲದಲ್ಲಿ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ್ದರು, ಗೊತ್ತಾ?” ಎಂದು ಒಂದು ಕಥೆ ಹೇಳಿದರು. ಪ್ಲೇಟಿನೊಳಗೆ ದನಿ ಹೋಗುವ ದಾರಿಯ ಬಗ್ಗೆ ನನಗೆ ಹುಚ್ಚು ಹಿಡಿದದ್ದು ಆವತ್ತಿನಿಂದ.

1923ರ ಏಪ್ರಿಲ್‌ನಲ್ಲಿ ಅಮೆರಿಕದ ಇಂಡಿಯಾನಾ ಸೀಮೆಯ ರಿಚ್‌ಮಂಡ್ ಊರಿನಲ್ಲಿ ಕಿಂಗ್ ಆಲಿವರ್ ಎಂಬಾತನ ಜಾಝ್ ತಂಡದ ಧ್ವನಿಮುದ್ರಣ ನಡೆಯಿತು. ಆಗ ಮೈಕ್ ಇರಲಿಲ್ಲ. ಗೋಡೆಯಿಂದ ಹೊರಬಂದ ಒಂದು ದೊಡ್ಡ ತುತ್ತೂರಿಯ ಬಾಯಿಗೆ ಎಲ್ಲರೂ ನುಡಿಸಬೇಕು. ಅದರ ಆ ತುದಿಯಲ್ಲಿ ತೆಳುವಾದ ತಗಡು, ತಗಡಿಗೊಂದು ಮುಳ್ಳು. ಸದ್ದಿಗೆ ತಗಡು ನಡುಗಿದಂತೆ ಮುಳ್ಳು ತಿರುಗುವ ಮೇಣದ ಬಿಲ್ಲೆಯಲ್ಲಿ ಗೆರೆ ಕೊರೆಯುತ್ತದೆ. ಹತ್ತಿರವಿದ್ದವರ ಸದ್ದು ದೊಡ್ಡದು, ದೂರವಿದ್ದವರದು ಸಣ್ಣದು. ಹೆಚ್ಚು ಕಡಿಮೆ ಮಾಡಲು ಬೇರೆ ಉಪಾಯವೇ ಇಲ್ಲ. ಲೂಯಿಯ ಕಾರ್ನೆಟ್ ವಾದ್ಯ ಉಳಿದವರನ್ನೆಲ್ಲ ಮುಳುಗಿಸಿಬಿಡುತ್ತಿತ್ತಾದ್ದರಿಂದ ಇಪ್ಪತ್ತೊಂದು ವರ್ಷದ ಆ ಹುಡುಗನನ್ನು ಎಲ್ಲರಿಂದ ದೂರ ನಿಲ್ಲಿಸಿದರು. ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದಾಕೆ ಲಿಲ್ ಹಾರ್ಡಿನ್. ಅವನ ಮುಖ ಬಾಡಿದ್ದನ್ನು ಗಮನಿಸಿದವಳು ಆಕೆಯೇ. ಮುಂದಿನ ವರ್ಷ ಇಬ್ಬರೂ ಮದುವೆಯಾದರು. ಆ ಸ್ಟುಡಿಯೋ ರೈಲುಹಳಿಯ ಮಗ್ಗುಲಲ್ಲೇ ಇದ್ದು, ಗಾಡಿ ಬಂದಾಗಲೆಲ್ಲ ಕೆಲಸ ನಿಲ್ಲಿಸಿ ಕಾಯಬೇಕಾಗುತ್ತಿತ್ತಂತೆ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಈ ಮಾತು ಬಹಳ ಇಷ್ಟವಾಯಿತು.

ಅದೇ ತುತ್ತೂರಿ ನಮ್ಮ ದೇಶಕ್ಕೂ ಬಂದಿತ್ತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಯಂತ್ರ ಹೂಡಿ ಗೌಹರ್ ಜಾನ್ ಅವರಿಂದ ಹಾಡಿಸಿದ. ತಾಸುಗಟ್ಟಲೆ ಬೆಳೆಸುವ ರಾಗವನ್ನು ಆಕೆ ಮೂರು ನಿಮಿಷಕ್ಕೆ ಅಡಕ ಮಾಡಿ ತುತ್ತೂರಿಯ ಬಾಯಿಗೆ ಗಟ್ಟಿಯಾಗಿ ಹಾಡಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಯಾವುದು ಎಂದು ತಿಳಿಯಬೇಕಲ್ಲ! ಮಾನಸ್ಥ ಮನೆತನದವರೆನಿಸಿಕೊಂಡವರು ಹೆಣ್ಣುಮಕ್ಕಳನ್ನು ಆ ಯಂತ್ರದ ಹತ್ತಿರಕ್ಕೂ ಬಿಡದ ಕಾಲ. ಕುಲವೃತ್ತಿಯಿಂದ ಹಾಡುತ್ತಿದ್ದ ಈ ಹೆಂಗಸರು ಧೈರ್ಯ ಮಾಡದಿದ್ದರೆ ಆ ಕಾಲದ ಹೆಣ್ಣು ದನಿಗಳಲ್ಲಿ ನಮಗೆ ಉಳಿಯುತ್ತಿದ್ದುದೇನು? ನಂಜನಗೂಡಿನಲ್ಲಿ ಹುಟ್ಟಿದ ನಮ್ಮ ಬೆಂಗಳೂರು ನಾಗರತ್ನಮ್ಮನವರೂ ಪ್ಲೇಟು ಕೊಟ್ಟವರೇ. ಗೌಹರ್ ಜಾನ್ ನಮ್ಮ ಸೀಮೆಗೆ ಬಂದದ್ದು ಕೊನೆಗಾಲದಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕರೆಯ ಮೇಲೆ ಮೈಸೂರಿಗೆ ಬಂದು, 1930ರ ಜನವರಿ 17ರಂದು ಅಲ್ಲೇ ತೀರಿಕೊಂಡರು. ಸುಮಾರು 600 ಪ್ಲೇಟು ಕೊಟ್ಟವರ ಕೈಯಲ್ಲಿ ಆಗ ಹೆಚ್ಚೇನೂ ಉಳಿದಿರಲಿಲ್ಲ.

1902 ನಮ್ಮ ಗಣಿಗೂ ಮರೆಯಲಾಗದ ವರ್ಷ. ಆ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ನೂರು ಮೈಲಿಯ ಹತ್ತಿರ ತಂತಿಯಲ್ಲಿ ಹರಿದು ಕೆ.ಜಿ.ಎಫ್. ತಲುಪಿತು. ಅದೇ ವರ್ಷ ಅಮೆರಿಕದಲ್ಲಿ ಎಡಿಸನ್ ಕಂಪನಿಯವರು ಹಾಡಿನ ಉರುಳೆಗಳನ್ನು ಎರಕ ಹೊಯ್ಯುವ ಹೊಸ ವಿಧಾನ ತಂದರು. ಮೇಣದ ಮೂಲ ಉರುಳೆಯನ್ನು ಗಾಳಿ ತೆಗೆದ ಪಾತ್ರೆಯಲ್ಲಿಟ್ಟು, ಅದರ ಮೈಗೆ ಚಿನ್ನದ ಆವಿ ಹಿಡಿಸಿ, ಮೇಲೆ ತಾಮ್ರ ಕೂರಿಸಿ ಅಚ್ಚು ತೆಗೆಯುವುದು. ಅದಕ್ಕೇ ಆ ಉರುಳೆಗಳಿಗೆ ‘ಗೋಲ್ಡ್ ಮೌಲ್ಡೆಡ್’ ಎಂದು ಹೆಸರು. ಅದು ನಮ್ಮ ಕೋಲಾರದ ಚಿನ್ನವೇ ಎಂದು ಕೊಚ್ಚಿಕೊಂಡರೆ ಸುಳ್ಳಾದೀತು. ಆದರೆ ಪ್ಲೇಟಿನ ಮೈ ಮಾತ್ರ ನಮ್ಮ ದೇಶದ್ದೇ. ಹಳೆಯ ಕಪ್ಪು ಪ್ಲೇಟುಗಳಿಗೆ ಬೇಕಾದ ಅರಗು ಬಹುಮಟ್ಟಿಗೆ ಹಿಂದೂಸ್ಥಾನದಿಂದಲೇ ಹೋಗುತ್ತಿತ್ತು. ಪಾಂಡವರ ಅರಗಿನ ಮನೆ, ನಮ್ಮ ಕೈಯ ಅರಗಿನ ಬಳೆ, ಗೌಹರ್ ಜಾನ್ ಪ್ಲೇಟು, ಮೂರೂ ಒಂದೇ ಹುಳುವಿನ ಕೃಪೆ.

1925ರಲ್ಲಿ ಮೈಕ್ ಬಂತು. ಅಲ್ಲಿಯವರೆಗೆ ಕೂಗಬಲ್ಲವರಿಗಷ್ಟೇ ಇದ್ದ ಜಾಗ ಮೆಲ್ಲಗೆ ಹಾಡುವವರಿಗೂ ಸಿಕ್ಕಿತು. ಬಿಲ್ಲಿ ಹಾಲಿಡೇಯ ದನಿ ದೊಡ್ಡದಲ್ಲ, ಹರವೂ ಕಡಿಮೆ. ಮಗ್ಗುಲಲ್ಲಿ ಕೂತು ಕಷ್ಟ ಹೇಳಿಕೊಂಡ ಹಾಗೆ ಹಾಡುವವಳು. ತುತ್ತೂರಿಯ ಕಾಲದಲ್ಲಿ ಹಾಡಲು ಬಂದಿದ್ದರೆ ಅವಳನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದರೋ ಏನೋ. ಕರಿಯರನ್ನು ಮರಕ್ಕೆ ನೇಣು ಹಾಕುತ್ತಿದ್ದ ಕ್ರೌರ್ಯದ ಮೇಲಿನ ಹಾಡನ್ನು ಅವಳ ಕಂಪನಿ ಮುದ್ರಿಸಲು ಒಪ್ಪದಿದ್ದಾಗ, 1939ರಲ್ಲಿ ಬೇರೊಂದು ಸಣ್ಣ ಕಂಪನಿಗೆ ಹಾಡಿದಳು. 1958ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ‘ಲೇಡಿ ಇನ್ ಸ್ಯಾಟಿನ್’ ಹಾಡುವ ಹೊತ್ತಿಗೆ ಕುಡಿತವೂ ಕಷ್ಟವೂ ಸೇರಿ ದನಿ ಒಡೆದಿತ್ತು. ವಯಸ್ಸು ನಲವತ್ತೆರಡು. ಹಿಂದೆ ಪಿಟೀಲುಗಳ ರೇಷ್ಮೆ, ಮುಂದೆ ಈ ಹರಿದ ದನಿ. ವಾದ್ಯಗೋಷ್ಠಿ ನಡೆಸಿದ ರೇ ಎಲ್ಲಿಸ್‌ಗೆ ಮೊದಲು ಬೇಸರವೇ ಆಯಿತಂತೆ. ಆಮೇಲೆ ಕೂತು ಪೂರ್ತಿ ಕೇಳಿದಾಗ ಅದರ ಬೆಲೆ ಗೊತ್ತಾಯಿತಂತೆ. ಮುಂದಿನ ವರ್ಷ ಜುಲೈನಲ್ಲಿ ಅವಳು ಸತ್ತಳು. ಈ ಪ್ಲೇಟನ್ನು ಮಿಸ್ ನನಗೆ ಒಂದೇ ಸಲ ಕೇಳಿಸಿದ್ದು. “ದೊಡ್ಡವಳಾದ ಮೇಲೆ ಕೇಳು” ಎಂದು ಒಳಗಿಟ್ಟರು.

1948ರಲ್ಲಿ ಎಲ್‌ಪಿ ಬಂದು ಮೂರು ನಿಮಿಷದ ಕಟ್ಟು ಬಿಚ್ಚಿತು. ಒಂದೊಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡಬಹುದಾಯಿತು. ಅದಕ್ಕೆ ಮುಂಚೆ ಅರಗಿನ ಪ್ಲೇಟುಗಳನ್ನು ಫೋಟೋ ಆಲ್ಬಮ್ಮಿನ ಹಾಗೆ ಲಕೋಟೆಗಳ ಪುಸ್ತಕದಲ್ಲಿ ಇಡುತ್ತಿದ್ದರು. ಪುಸ್ತಕ ಹೋದರೂ ಆಲ್ಬಮ್ ಎಂಬ ಹೆಸರು ಉಳಿಯಿತು. ಎಲ್ಲಾ ಮತ್ತು ಲೂಯಿ ಹಾಡಿದ ಆ ಹನ್ನೊಂದು ಹಾಡುಗಳು 1956ರ ಆಗಸ್ಟ್ 16ರಂದು ಹಾಲಿವುಡ್ಡಿನ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಮುಗಿದವು. ಮೂಲೆಗೆ ನಿಂತಿದ್ದ ಲೂಯಿಯ ಕರಕಲು ಗಂಟಲಿಗೆ ಈಗ ಮೈಕ್ ಹತ್ತಿರವೇ ಬಂದಿತ್ತು. ಆತನ ಉಸಿರು ಕೂಡ ಅದರಲ್ಲಿ ಕೇಳುತ್ತದೆ.

ಇನ್ನೊಬ್ಬ ಮಹಾರಾಯನ ವಿಷಯ ಹೇಳಬೇಕು, ರೂಡಿ ವ್ಯಾನ್ ಗೆಲ್ಡರ್. ಹಗಲು ಕನ್ನಡಕಕ್ಕೆ ಕಣ್ಣು ಪರೀಕ್ಷೆ ಮಾಡುವ ಕೆಲಸ, ಉಳಿದ ಹೊತ್ತು ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ನಡುಮನೆಯಲ್ಲಿ ಧ್ವನಿಮುದ್ರಣ. 1959ರಲ್ಲಿ ಸ್ವಂತ ಸ್ಟುಡಿಯೋ ಆಗುವವರೆಗೂ ಹೆಸರಾಂತ ಜಾಝ್ ಪ್ಲೇಟುಗಳೆಷ್ಟೋ ಆ ನಡುಮನೆಯಲ್ಲಿ ಹುಟ್ಟಿದವು. ಆ ಮನೆಯಲ್ಲಿ ನೆಲ ಒರೆಸುತ್ತಿದ್ದವರು ಯಾರು, ಬಂದವರಿಗೆಲ್ಲ ಕಾಫಿ ಕೊಟ್ಟವರು ಯಾರು ಎಂಬುದನ್ನು ಯಾವ ಪ್ಲೇಟಿನ ರಟ್ಟಿನ ಮೇಲೂ ಅಚ್ಚು ಹಾಕಿಲ್ಲ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡಿದ್ದಾಗಲೇ, 1984ರಲ್ಲಿ ನಮ್ಮ ಮಾವ ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟರು. ನನ್ನ ಅಮ್ಮ ಚೆನ್ನಾಗಿ ಹಾಡುತ್ತಿದ್ದಳು. ಹುರಿಹಿಟ್ಟಿಗೆ ಬೀಸುವಾಗ ಅವಳ ತಾಯಿಯಿಂದ ಬಂದ ಬೀಸುವ ಪದಗಳನ್ನು ಒಂದರ ಹಿಂದೊಂದು ಹೇಳುವಳು. ಆದರೆ ಟೇಪಿನ ಮುಂದೆ ಕೂರು ಎಂದರೆ ಬಿಲ್‌ಕುಲ್ ಒಪ್ಪಲಿಲ್ಲ. “ನನ್ ದನಿ ಡಬ್ಬೀಲಿ ಇಟ್ಕೊಂಡು ಏನ್ ಮಾಡ್ತೀಯಮ್ಮ? ಅಜ್ಜಿಗೆ ಗೊತ್ತಾದ್ರೆ ಬೈತಾರೆ” ಎಂದಳು. ಅಜ್ಜಿಗೆ ಸೊಸೆ ದನಿಯೆತ್ತಿ ಹಾಡುವುದು ಸೇರುತ್ತಿರಲಿಲ್ಲ. ಬೀಸುಕಲ್ಲಿನ ಸದ್ದಿನ ಮರೆಯಲ್ಲಿ ಹಾಡಿದರೆ ಕೇಳಿಸದವರಂತೆ ಇರುತ್ತಿದ್ದರು, ಅಷ್ಟೆ.

ಒಂದು ಬೆಳಿಗ್ಗೆ ಟೇಪನ್ನು ಮೊರದ ಹಿಂದೆ ಬಚ್ಚಿಟ್ಟು ಗುಂಡಿ ಒತ್ತಿದೆ. ಆಮೇಲೆ ಕೇಳಿದರೆ ಗರಗರ ಗರಗರ ಎಂದು ಕಲ್ಲೇ ಕಲ್ಲು. ಅಮ್ಮ ಎಲ್ಲೋ ಬಾವಿಯೊಳಗೆ ಹಾಡುತ್ತಿದ್ದ ಹಾಗಿತ್ತು. ಶನಿವಾರ ಕ್ಯಾಸೆಟ್ಟನ್ನು ಮಿಸ್ ಬಳಿ ಒಯ್ದೆ. ಅವರು ಕಣ್ಣು ಮುಚ್ಚಿ ಹನ್ನೊಂದು ನಿಮಿಷವೂ ಕೇಳಿ, “ನೀನು ಮೈಕ್ ಇಟ್ಟಿರೋದು ಕಲ್ಲಿಗೆ, ಅಮ್ಮನಿಗಲ್ಲ. ಹತ್ತಿರ ಇಡು, ಅವಳನ್ನು ಕೇಳಿ ಇಡು” ಎಂದರು. ಕೇಳಿ ಇಡುವ ಧೈರ್ಯ ನನಗೆ ಬರಲಿಲ್ಲ. ಪರೀಕ್ಷೆ ಬಂತು, ಕಾಲೇಜು ಬಂತು, ಮನೆಗೆ ಮಿಕ್ಸಿ ಬಂತು, ಬೀಸುವುದು ನಿಂತಿತು. ಕಲ್ಲಿಲ್ಲದೆ ಅಮ್ಮ ಹಾಡಲಿಲ್ಲ. 1997ರಲ್ಲಿ ತೀರಿಕೊಂಡಳು. ಮಿಸ್ ಅದಕ್ಕೂ ಮುಂಚೆಯೇ ತಮ್ಮನ ಮಗನ ಜೊತೆ ಆಸ್ಟ್ರೇಲಿಯಕ್ಕೆ ಹೊರಟುಹೋಗಿದ್ದರು. 2001ರ ಫೆಬ್ರವರಿ 28ರಂದು ಗಣಿಯೂ ಮುಚ್ಚಿತು. ಎಷ್ಟೋ ಮನೆಗಳ ರೇಡಿಯೋಗ್ರಾಂಗಳು ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಗಳಿಗೆ ಬಂದದ್ದನ್ನು ನಾನೇ ನೋಡಿದ್ದೇನೆ.

ತುಂಬಾ ತಡವಾಗಿ ನನ್ನ ಕೈಗೆ ಬಂದ ಇನ್ನೊಂದು ಆಲ್ಬಮ್ ‘ಜ್ಯೋತಿ’. ಬೆಂಗಳೂರಿನಲ್ಲಿ 1964ರಲ್ಲಿ ಟಿ.ಎ.ಎಸ್. ಮಣಿಯವರು ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಗಾಯಕಿ ಆರ್.ಎ. ರಮಾಮಣಿ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ 1983ರ ಫೆಬ್ರವರಿಯಲ್ಲಿ ಹಾಡಿದ್ದು. ನಾನು ಮೊರದ ಹಿಂದೆ ಟೇಪು ಬಚ್ಚಿಡುವ ಹಿಂದಿನ ವರ್ಷ! ಮೊದಲಿಗೆ ವಾದ್ಯವಿಲ್ಲದೆ ಆಕೆಯ ದನಿಯೊಂದೇ ಬರುತ್ತದೆ. ಅಷ್ಟು ಹತ್ತಿರದಿಂದ, ಅಷ್ಟು ನಿರಾಳವಾಗಿ ನಮ್ಮ ಸೀಮೆಯ ಹೆಣ್ಣು ದನಿಯೊಂದು ತಟ್ಟೆಯಲ್ಲಿ ನಿಂತದ್ದನ್ನು ಕೇಳಿ ಸಂತೋಷವೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿರುವವನು, ಅಮ್ಮನ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿಕೊಟ್ಟ. “ಟೀಚರ್, ಕಲ್ಲಿನ ಸದ್ದು ತೆಗೆದುಬಿಟ್ಟಿದ್ದೀನಿ” ಎಂದು ಹೆಮ್ಮೆಯಿಂದ ಕೇಳಿಸಿದ. ಕಲ್ಲೇನೋ ಹೋಗಿತ್ತು. ಅದರ ಜೊತೆಗೆ ಅಮ್ಮನ ಉಸಿರೂ ಹೋಗಿ, ದನಿ ತಗಡಿನ ಹಾಗಾಗಿತ್ತು. ಯಾರೋ ಪರಿಚಯವಿಲ್ಲದ ಹೆಂಗಸು ಹಾಡುತ್ತಿದ್ದಳು. ಅವನಿಗೆ ನೋವಾಗದಂತೆ ಎರಡೂ ಪ್ರತಿ ಕೊಡಪ್ಪ ಎಂದೆ.

ಕಲ್ಲಿರುವ ಪ್ರತಿಯನ್ನೇ ನಾನು ಕೇಳುವುದು. ಹತ್ತನೆಯ ನಿಮಿಷದಲ್ಲಿ ಕಲ್ಲು ನಿಲ್ಲುತ್ತದೆ. ಅಮ್ಮ ಹಿಟ್ಟು ಬಳಿದುಕೊಳ್ಳುತ್ತಿದ್ದಾಳೆ, ಬಳೆಯ ಸದ್ದಿದೆ. ಅಜ್ಜಿ ಹಿತ್ತಲಲ್ಲಿದ್ದರೇನೋ, ಒಂದು ಸಾಲನ್ನು ಬರಿದನಿಯಲ್ಲಿ ಹೇಳುತ್ತಾಳೆ. ಅಷ್ಟರಲ್ಲಿ ಮಾರಿಕುಪ್ಪಂ ಗಾಡಿ ಕೂಗುತ್ತದೆ. ಗಾಡಿ ಪೂರ್ತಿ ದಾಟಿದ ಮೇಲೆ, “ಏಯ್, ಮೊರ ಯಾಕಮ್ಮ ಇಲ್ಲಿ ನಿಲ್ಲಿಸಿದ್ದೀಯ?” ಎಂಬ ಮಾತು, ಟಕ್ ಎಂದು ಗುಂಡಿಯ ಸದ್ದು.