ಪೂರ್ವಗ್ರಹವು ಬೆಳೆಯುವ ಬಗೆ

ಒಂದು ಜನಸಮುದಾಯವು ಮತ್ತೊಂದನ್ನು ಹೀನವೆಂದು ಬಗೆಯುವುದು ಮಾನವಸಹಜ ದೋಷವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ಪೂರ್ವಗ್ರಹಕ್ಕೂ ಒಂದು ಇತಿಹಾಸವಿದೆ, ಅದನ್ನು ಪೋಷಿಸಿದ ಕಾರಣಗಳಿವೆ. ಬ್ರಿಟಿಷ್ ಸರಕಾರವು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಮೊದಲನೆಯ ಕಾರಣವು ಜೀವನೋಪಾಯದ ನಾಶದಿಂದ ಹುಟ್ಟಿದ ಅಪರಿಚಿತತೆ. ಬಳ್ಳಾರಿಯನ್ನೊಳಗೊಂಡ ಅಂದಿನ ಮದರಾಸು ಪ್ರಾಂತದಲ್ಲಿ ಕೊರಚರು ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರಿಂದೂರಿಗೆ ಒಯ್ದು ಮಾರುತ್ತಿದ್ದರು. ಒಳನಾಡಿನ ಹಳ್ಳಿಗಳಿಗೆ ಅವರು ಬೇಕಾದವರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುಮಾರ್ಗಗಳು ಹಬ್ಬಿದುವು. ಉಪ್ಪಿನ ಮೇಲೆ ಸರಕಾರದ ಹಿಡಿತವೂ ಬಿಗಿಯಾಯಿತು. ವ್ಯಾಪಾರವು ಕೈತಪ್ಪಿ ಅಲೆದಾಟ ಮಾತ್ರ ಉಳಿಯಿತು. ನಿನ್ನೆ ಉಪ್ಪು ತರುತ್ತಿದ್ದವನು ಇಂದು ಬರಿಗೈಯಲ್ಲಿ ಊರ ಹೊರಗೆ ಬಿಡಾರ ಹೂಡಿದಾಗ ಶಂಕಾಸ್ಪದನಾಗಿ ಕಂಡನು.

ಎರಡನೆಯದು, ಒಬ್ಬನ ತಪ್ಪನ್ನು ಕುಲಕ್ಕೆಲ್ಲ ಹಚ್ಚುವ ತರ್ಕ. ನೇಯ್ಗೆ, ಬಡಗಿತನಗಳು ವಂಶಪಾರಂಪರ್ಯವಾಗಿರುವಂತೆ ಕಳ್ಳತನವೂ ಒಂದು ಕುಲಕಸುಬೆಂದು ಕಾಯಿದೆಯ ಸಮರ್ಥಕರು ವಾದಿಸಿದರು. ಜಾತಿಯಿಂದ ಮನುಷ್ಯನನ್ನು ಅಳೆಯುವ ನಮ್ಮ ರೂಢಿಯೇ ಪರಕೀಯರ ಈ ವಾದಕ್ಕೆ ಆಧಾರವಾದುದು ಗಮನಾರ್ಹ.

ಈ ಶಂಕೆಗೆ ಕಾಯಿದೆಯು ಅಧಿಕಾರದ ಮುದ್ರೆಯೊತ್ತಿತು. ಮೊದಲು ಉತ್ತರಭಾರತದಲ್ಲಿ ಜಾರಿಗೆ ಬಂದ ಅದು 1911ರಲ್ಲಿ ಮದರಾಸು ಪ್ರಾಂತಕ್ಕೂ ವ್ಯಾಪಿಸಿತು. ಹೆಸರಿನ ನೋಂದಣಿ, ಬೆರಳಚ್ಚು, ಪೊಲೀಸರೆದುರು ಹಾಜರಿ, ಊರು ಬಿಡಲು ಅಪ್ಪಣೆಚೀಟಿ ಇವೆಲ್ಲ ಏನೂ ಅಪರಾಧ ಮಾಡದವನನ್ನೂ ಬಿಡಲಿಲ್ಲ. ಮುಂಬಯಿ ಪ್ರಾಂತದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥವರನ್ನು ಇರಿಸಲು ವಸಾಹತುಗಳು ಏರ್ಪಟ್ಟುವು. ಹಾಜರಿ ತಪ್ಪಿದರೆ ಶಿಕ್ಷೆ. ಆ ಶಿಕ್ಷೆಯೇ ಕುಲದ ದುಷ್ಟತನಕ್ಕೆ ಪುರಾವೆ! ಹೀಗೆ ಶಂಕೆಯು ತನಗೆ ಬೇಕಾದ ಸಾಕ್ಷ್ಯವನ್ನು ತಾನೇ ಸೃಷ್ಟಿಸಿಕೊಂಡಿತು. ತೊಟ್ಟಿಲ ಕೂಸೂ ಅಪರಾಧಿ ಕುಲದ್ದೆನಿಸಿತು.

ಸ್ವಾತಂತ್ರ್ಯಾನಂತರ ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯ ಸಮಿತಿಯು ಈ ಕಾಯಿದೆಯನ್ನು ರದ್ದುಪಡಿಸಲು ಶಿಫಾರಸು ಮಾಡಿತು. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ಆ ಸಮುದಾಯಗಳು ‘ವಿಮುಕ್ತ’ವೆನಿಸಿದುವು. ಆದರೆ ಎಂಬತ್ತು ವರ್ಷಗಳ ಕಾಲ ಹೆಸರಿಗೆ ಅಂಟಿಸಿದ ಕಳಂಕವು ಒಂದು ಪ್ರಕಟಣೆಯಿಂದ ತೊಳೆದುಹೋಗಲಿಲ್ಲ. ಊರಲ್ಲಿ ಕಳವಾದರೆ ಮೊದಲ ಬೆರಳು ಯಾರ ಕೇರಿಯತ್ತ ಚಾಚುತ್ತದೆಂಬುದನ್ನು ವಾಚಕರೇ ಆಲೋಚಿಸಬೇಕು.

ಪರರ ಬಗೆಗೆ ನಾವು ನಂಬಿರುವ ಮಾತನ್ನು ಮೊದಲು ಯಾರು, ಯಾವ ಪ್ರಯೋಜನಕ್ಕಾಗಿ ಹೇಳಿದರೆಂದು ವಿಚಾರಿಸುವುದು ವಿವೇಕಿಗಳ ಕರ್ತವ್ಯ. ಒಂದು ಕುಲದ ಹೆಸರನ್ನು ಮಕ್ಕಳೆದುರು ಬೈಗುಳವಾಗಿ ಬಳಸುವ ಮನೆಯಲ್ಲಿ ಆ ಹಳೆಯ ಕಾಯಿದೆಯು ಇನ್ನೂ ಜೀವಂತವಾಗಿದೆ.